ದಡದಲ್ಲಿ ಓಡುವ, ಕಡಲಲ್ಲಿ ನಿಲ್ಲುವ ಮೋಟಾರು

ಔಟ್‌ಬೋರ್ಡ್ ಮೋಟಾರುಗಳ, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಎಂಜಿನ್ನುಗಳ ದುರಸ್ತಿಯಲ್ಲಿ ಅತಿ ಹೆಚ್ಚು ಹೊತ್ತು ಮತ್ತು ಹಣ ತಿನ್ನುವ ದೂರು ಯಾವುದೆಂದು ಕೇಳಿದರೆ, ಪಿಸ್ಟನ್ ಜಾಮ್ ಆಗುವುದನ್ನಾಗಲಿ, ಗೇರ್‌ಬಾಕ್ಸಿಗೆ ನೀರು ಹೊಗುವುದನ್ನಾಗಲಿ ನಾನು ಹೇಳುವುದಿಲ್ಲ. ಅವು ಬಿಚ್ಚಿದ ಕೂಡಲೇ ಕಣ್ಣಿಗೆ ಕಾಣುತ್ತವೆ. ಕಡಲಲ್ಲಿ ನಿಂತು, ದಡಕ್ಕೆ ಎಳೆದು ತಂದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವ ಮೋಟಾರೇ ಎಲ್ಲಕ್ಕಿಂತ ಕಷ್ಟದ್ದು. ಇತ್ತೀಚೆಗೆ ಅಂಥದೊಂದು ಹಳೆಯ ಮೋಟಾರು ನಮ್ಮ ವರ್ಕ್‌ಶಾಪನ್ನು ಬಹಳ ಕಾಡಿತು. ವರ್ಕ್‌ಶಾಪಿಗಿಂತ ಹೆಚ್ಚಾಗಿ, ಅದನ್ನೇ ನಂಬಿ ಬಲೆ ಹಾಕಲು ಹೋಗುವ ದೋಣಿಯವರನ್ನು ಕಾಡಿತು. ಆ ಕೆಲಸ ಎಲ್ಲಿ ದಾರಿ ತಪ್ಪಿತು, ಹೇಗೆ ಸರಿಹೋಯಿತು ಎಂಬುದನ್ನು ಇದೇ ಕಸುಬಿನಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ಅದು 15 ಎಚ್‌ಪಿಯ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಮೋಟಾರು. ಕಾರ್ಬುರೇಟರ್, ಹಗ್ಗ ಎಳೆದು ಸ್ಟಾರ್ಟ್ ಮಾಡುವ ವ್ಯವಸ್ಥೆ, ಸಿಡಿಐ ಇಗ್ನಿಷನ್ (ಕೆಪಾಸಿಟರಿನಲ್ಲಿ ವಿದ್ಯುತ್ ತುಂಬಿ ಪ್ಲಗ್‌ಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ). ಜಾಬ್ ಕಾರ್ಡಿನಲ್ಲಿದ್ದ ದೂರು ಎರಡೇ ಪದಗಳದ್ದು: ‘ಎಂಜಿನ್ ನಿಲ್ಲುತ್ತದೆ’. ದೋಣಿಯ ಮಾಲೀಕರು ಹೇಳಿದ್ದು ಅಷ್ಟೇ ಆಗಿರಲಿಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಸುಮಾರು ಇಪ್ಪತ್ತು ನಿಮಿಷ ಓಡಿದ ಮೇಲೆ, ಸ್ವಿಚ್ ಒತ್ತಿದ ಹಾಗೆ ಒಮ್ಮೆಲೇ ನಿಲ್ಲುತ್ತದೆ, ಆಮೇಲೆ ಪ್ರೈಮರ್ ಬಲ್ಬ್ (ಟ್ಯಾಂಕಿನಿಂದ ಪೆಟ್ರೋಲ್ ತಳ್ಳಲು ಹೋಸ್‌ನಲ್ಲಿರುವ ರಬ್ಬರ್ ಉಂಡೆ) ಒತ್ತಿ ಒತ್ತಿ, ಹಗ್ಗ ಎಳೆದು ಎಳೆದು ಕೈ ಸೋತ ಮೇಲೆ ಸ್ಟಾರ್ಟ್ ಆಗುತ್ತದೆ, ಆದರೆ ಎರಡನೆಯ ಸಲ ಮೊದಲಿನಷ್ಟು ಹೊತ್ತು ಓಡುವುದಿಲ್ಲ ಎಂದು ಅವರು ಕೌಂಟರಿನಲ್ಲಿ ನಿಂತು ವಿವರವಾಗಿ ಹೇಳಿದ್ದರು. ನಮ್ಮ ಕಾರ್ಡಿನಲ್ಲಿ ದೂರು ಬರೆಯಲು ಇರುವುದು ಒಂದೇ ಒಂದು ಗೆರೆ. ಅವರ ಮಾತಿನಲ್ಲಿ ಬೆಲೆಯುಳ್ಳದ್ದೆಲ್ಲ ಆ ಗೆರೆಯ ಹೊರಗೇ ಉಳಿಯಿತು.

ಹಳೆಯ ಮೋಟಾರು ನಿಂತರೆ ಎಲ್ಲರೂ ಮೊದಲು ಇಂಧನವನ್ನೇ ಸಂಶಯಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಟ್ಯಾಂಕಿನ ಮುಚ್ಚಳದ ವೆಂಟ್ ತೆರೆಯುವುದನ್ನು ಮರೆತರೆ ಸಾಕು, ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಹೋಸ್‌ನ ಒಳಪದರವನ್ನು ಕಿತ್ತು ದಾರಿಗೆ ಅಡ್ಡ ತರುತ್ತದೆ. ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದ ನಡೆಯುವ ಫ್ಯುಯೆಲ್ ಪಂಪಿನ ಡಯಾಫ್ರಾಮ್ (ತೆಳು ಪೊರೆ) ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಹೀಗಾಗಿ ವರ್ಕ್‌ಶಾಪಿನಲ್ಲಿ ಕಾರ್ಬುರೇಟರ್ ಬಿಚ್ಚಿ ಹೊಸ ಕಿಟ್ ಹಾಕಿದರು, ಪ್ಲಗ್‌ಗಳನ್ನು ಬದಲಿಸಿದರು, ಟ್ಯಾಂಕ್ ತೊಳೆದು 50:1ರ ಅಳತೆಯಲ್ಲಿ, ಅಂದರೆ ಲೀಟರಿಗೆ 20 ಮಿ.ಲೀ. ಆಯಿಲ್ ಸೇರಿಸಿ ಹೊಸ ಪೆಟ್ರೋಲ್ ತುಂಬಿದರು. ಮೋಟಾರು ಮರಳಿ ಬಂದಾಗ ಹೋಸ್ ಮತ್ತು ಬಲ್ಬ್ ಬದಲಾದವು, ಆಮೇಲೆ ಡಯಾಫ್ರಾಮ್ ಬದಲಾಯಿತು. ಪ್ರತಿ ಸಲವೂ ಟೆಸ್ಟ್ ಟ್ಯಾಂಕಿನಲ್ಲಿ ಅದು ಸೊಗಸಾಗಿ ಓಡಿತು, ಪ್ರತಿ ಸಲವೂ ಕಾರ್ಡಿನ ಮೇಲೆ ‘ಸರಿಯಾಗಿದೆ’ ಎಂಬ ಮುದ್ರೆ ಬಿತ್ತು. ದೋಣಿ ಮಾತ್ರ ಪ್ರತಿ ಸಲವೂ ಇನ್ನೊಂದು ದೋಣಿಯ ಹಗ್ಗಕ್ಕೆ ಕಟ್ಟಿಸಿಕೊಂಡೇ ದಡ ಸೇರಿತು.

ಇಷ್ಟೆಲ್ಲ ಆದರೂ ಸಂಶಯ ಇಂಧನವನ್ನು ಬಿಟ್ಟು ಕದಲದಿರಲು ಒಂದು ಬಲವಾದ ಕಾರಣವಿತ್ತು. ಬಲ್ಬ್ ಒತ್ತಿದ ಮೇಲೆಯೇ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು. ಅದನ್ನು ಮಾಲೀಕರೂ ಕಂಡಿದ್ದರು, ಜೊತೆಗಿದ್ದ ಅವರ ಅಳಿಯನೂ ಕಂಡಿದ್ದ. ಒತ್ತಿದರೆ ಸ್ಟಾರ್ಟ್ ಆಗುತ್ತದೆ ಎಂದರೆ ಪೆಟ್ರೋಲ್ ಬರುತ್ತಿರಲಿಲ್ಲ ಎಂದೇ ಯಾರಿಗಾದರೂ ಅನಿಸುತ್ತದೆ. ಆದರೆ ಬಲ್ಬ್ ಒತ್ತುವುದು, ಚೋಕ್ ಎಳೆದು ನೋಡುವುದು, ಪ್ಲಗ್ ಬಿಚ್ಚಿ ಒರೆಸುವುದು, ದಣಿವಾರಿಸಿಕೊಂಡು ಮತ್ತೆ ಹಗ್ಗ ಹಿಡಿಯುವುದು, ಇವೆಲ್ಲಕ್ಕೂ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಎಂಜಿನ್ ತಣಿಯುತ್ತದೆ. ತಣಿದದ್ದರಿಂದ ಸ್ಟಾರ್ಟ್ ಆದ ಎಂಜಿನ್ನಿನ ಕೀರ್ತಿ ಬಲ್ಬಿಗೆ ಸಂದಿತ್ತು. ಎರಡನೆಯ ಸಲ ಬೇಗ ನಿಲ್ಲುತ್ತದೆ ಎಂಬ ಅವರ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಬಿಸಿಯ ಮೇಲೆ ಗುಮಾನಿ ಬಂತು. ಪೂರ್ತಿ ತಣಿಯದ ಎಂಜಿನ್ ಮತ್ತೆ ಅದೇ ಬಿಸಿಗೆ ಬೇಗ ಏರುತ್ತದೆ. ಟ್ಯಾಂಕಿನಲ್ಲಿರುವ ಕಸಕ್ಕಾಗಲಿ, ಕಾರ್ಬುರೇಟರಿನ ಸಣ್ಣ ತೂತಾದ ಜೆಟ್‌ನಲ್ಲಿರುವ ಮಡ್ಡಿಗಾಗಲಿ ಇಂಥ ಲೆಕ್ಕ ಇರುವುದಿಲ್ಲ.

‘ಒಮ್ಮೆಲೇ’ ಎಂಬ ಮಾತಿಗೂ ಅಷ್ಟೇ ತೂಕವಿತ್ತು. ಪೆಟ್ರೋಲ್ ಸಾಲದೆ ಹೋದ ಎಂಜಿನ್ ಸಾಮಾನ್ಯವಾಗಿ ಮುಗ್ಗರಿಸುತ್ತದೆ, ಒಂದು ಕ್ಷಣ ಚೇತರಿಸಿಕೊಳ್ಳುತ್ತದೆ, ಕಸುವು ಕಳೆದುಕೊಳ್ಳುತ್ತ ನಿಲ್ಲುತ್ತದೆ. ಎರಡೂ ಸಿಲಿಂಡರುಗಳು ಒಂದೇ ಗಳಿಗೆಯಲ್ಲಿ ಸದ್ದಡಗಿದರೆ ಎರಡಕ್ಕೂ ಸೇರಿದ ಯಾವುದೋ ವಿದ್ಯುತ್ ಭಾಗವನ್ನು ಸಂಶಯಿಸಬೇಕು. ಈ ಮಾದರಿಯಲ್ಲಿ ಅಂಥವು ಮೂರು: ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಮತ್ತು ಅದರ ವೈರು, ಸಿಡಿಐ ಯೂನಿಟ್, ಫ್ಲೈವೀಲಿನ (ಎಂಜಿನ್ನಿನ ಮೇಲೆ ತಿರುಗುವ, ಅಯಸ್ಕಾಂತಗಳಿರುವ ಚಕ್ರ) ಅಡಿಯಲ್ಲಿದ್ದು ಸಿಡಿಐಗೆ ವಿದ್ಯುತ್ ಒದಗಿಸುವ ಚಾರ್ಜ್ ಕಾಯಿಲ್.

ಇದನ್ನು ಟೆಸ್ಟ್ ಟ್ಯಾಂಕಿನಲ್ಲಿ ಕಂಡುಹಿಡಿಯುವುದು ಸಾಧ್ಯವಿರಲಿಲ್ಲ. ಆ ತೊಟ್ಟಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ನೀರು ಹೊರಗೆ ಚೆಲ್ಲುತ್ತದೆ, ಉಳಿದ ನೀರಿನಲ್ಲಿ ಗಾಳಿ ಬೆರೆತು ಪ್ರೊಪೆಲ್ಲರಿಗೆ ಹಿಡಿತ ಸಿಗುವುದಿಲ್ಲ. ಆದ್ದರಿಂದ ಅಲ್ಲಿ ಕೆಲವು ನಿಮಿಷ ನಿಧಾನಗತಿಯಲ್ಲಿ ಓಡಿಸಿ ನಿಲ್ಲಿಸುತ್ತಾರೆ. ಬಲೆ, ಆಳುಗಳು, ಮೀನಿನ ಪೆಟ್ಟಿಗೆಗಳ ಭಾರ ಹೊತ್ತ ದೋಣಿಯನ್ನು ಅಲೆಗೆದುರಾಗಿ ತಳ್ಳುವ ಮೋಟಾರಿನ ಶ್ರಮ ಅಲ್ಲಿ ಇಲ್ಲವೇ ಇಲ್ಲ. ಅಲ್ಲಿ ಮಾಡುವ ಪರೀಕ್ಷೆ ಜ್ವರ ಇಳಿದ ಮೇಲೆ ನಾಡಿ ಹಿಡಿದಂತೆ. ಕಡಲಿಗೆ ಹೋಗಿ ನೋಡಬೇಕು ಎಂದು ನಾನು ಕೇಳಿದಾಗ, ಅರ್ಧ ದಿನ ಒಂದೇ ಕಾರ್ಡಿಗೆ ಹೋದರೆ ಉಳಿದ ಕಾರ್ಡುಗಳನ್ನು ಮುಗಿಸುವವರು ಯಾರು ಎಂದು ಮ್ಯಾನೇಜರ್ ಕೇಳಿದರು. ಮುಗಿದ ಕಾರ್ಡುಗಳನ್ನು ಎಣಿಸುವ ಕಡೆ ಈ ಪ್ರಶ್ನೆ ಸಹಜವೇ. ಆದರೆ ಅದೇ ಮೋಟಾರಿಗೆ ಮತ್ತೆ ಮತ್ತೆ ಬರೆದ ಕಾರ್ಡುಗಳು ಆ ಎಣಿಕೆಯಲ್ಲಿ ಬೇರೆ ಬೇರೆ ಕೆಲಸಗಳಾಗಿ ಸೇರುತ್ತವೆ ಎಂಬುದನ್ನೂ ಅವರು ನೋಡಬೇಕಿತ್ತು. ಕೊನೆಗೆ ರಜೆಯ ದಿನ ಮಾಲೀಕರ ದೋಣಿಯಲ್ಲೇ ಹೋಗಲು ಒಪ್ಪಿಗೆ ಸಿಕ್ಕಿತು. ಜೊತೆಗೆ ಇನ್ನೊಂದು ದೋಣಿ ಬರಬೇಕು, ಎಲ್ಲರೂ ಲೈಫ್ ಜಾಕೆಟ್ ತೊಡಬೇಕು ಎಂಬುದು ನನ್ನ ಷರತ್ತಾಗಿತ್ತು.

ಹೊರಡುವ ಮೊದಲು ಎರಡೂ ಪ್ಲಗ್ ವೈರುಗಳಿಗೆ ಲೈಟ್ ಇರುವ ಸ್ಪಾರ್ಕ್ ಟೆಸ್ಟರ್ ಸೇರಿಸಿ, ಹಗಲಿನ ಬೆಳಕಿನಲ್ಲೂ ಮಿನುಗು ಕಾಣುವಂತೆ ಕಪ್ಪು ಬಟ್ಟೆಯ ನೆರಳು ಕಟ್ಟಿದೆ. ಪ್ಲಗ್ ಬಿಚ್ಚಿ ಬ್ಲಾಕಿಗೆ ತಾಗಿಸಿ ಕಿಡಿ ನೋಡುವ ರೂಢಿ ನನಗೆ ಹಿಡಿಸುವುದಿಲ್ಲ. ಒಂದನೆಯದು, ಪೆಟ್ರೋಲಿನ ಆವಿಯ ಪಕ್ಕದಲ್ಲಿ ಕಿಡಿ ಹಾರಿಸುವುದು ಅಪಾಯ. ಎರಡನೆಯದು, ಬಯಲಿನಲ್ಲಿ 1 ಮಿ.ಮೀ. ಅಂತರವನ್ನು ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿಯೂ ಹಾರುತ್ತದೆ ಎಂಬ ಭರವಸೆಯಿಲ್ಲ. ಮೇಲಿನ ಕವರ್ ತೆಗೆದು ಓಡಿಸುವಾಗ ತಿರುಗುವ ಫ್ಲೈವೀಲ್ ತೆರೆದೇ ಇರುತ್ತದೆ. ತೋಳು, ದಾರ, ಬಟ್ಟೆಯ ಅಂಚು ಯಾವುದೂ ಅದರ ಹತ್ತಿರ ಸುಳಿಯಬಾರದು ಎಂದು ಅಳಿಯನಿಗೆ ಹೇಳಿ ಕೂರಿಸಿದೆ.

ದಡದ ಬಂಡೆಗಳನ್ನು ಬಲಕ್ಕೆ ಬಿಟ್ಟು ಪೂರ್ತಿ ಥ್ರಾಟಲ್‌ನಲ್ಲಿ ಹೋದೆವು. ಎರಡೂ ಲೈಟುಗಳು ಎಡೆಬಿಡದೆ ಮಿನುಗುತ್ತಿದ್ದವು, ಹಿಂದಿನಿಂದ ಎಂಜಿನ್ ತಣಿಸುವ ನೀರಿನ ಧಾರೆ ಬಲವಾಗಿ ಚಿಮ್ಮುತ್ತಿತ್ತು. ಇಪ್ಪತ್ತು ನಿಮಿಷ ಕಳೆಯಿತು. ಇವತ್ತು ನಿಲ್ಲುವುದೇ ಇಲ್ಲವೇನೋ ಎಂದು ಮಾಲೀಕರು ಹೇಳುತ್ತಿರುವಾಗಲೇ ಲೈಟುಗಳೆರಡೂ ಆರಿದವು. ನಾನು ನೋಡಬೇಕೆಂದಿದ್ದ ಕ್ಷಣ ಅದು: ಫ್ಲೈವೀಲ್ ಇನ್ನೂ ತಿರುಗುತ್ತಿತ್ತು, ಕಿಡಿ ಮಾತ್ರ ಇರಲಿಲ್ಲ. ಎಂಜಿನ್ ನಿಂತದ್ದರಿಂದ ಕಿಡಿ ಹೋದದ್ದಲ್ಲ, ಕಿಡಿ ಹೋದದ್ದರಿಂದ ಎಂಜಿನ್ ನಿಂತಿತು.

ಗಾಳಿ ನಮ್ಮನ್ನು ದಡದ ಕಡೆಗೆ ತಳ್ಳುತ್ತಿತ್ತು, ಅಲೆಗಳು ಬಂಡೆಗೆ ಬಡಿದು ಬೆಳ್ಳಗೆ ಒಡೆಯುವುದು ಕಾಣುತ್ತಿತ್ತು. ಮೊದಲು ಲಂಗರು ಹಾಕಿಸಿದೆ, ಅದು ಕಚ್ಚಿಕೊಂಡಿತೆಂದು ಹಗ್ಗ ಹಿಡಿದು ನೋಡಿದ ಮೇಲೆಯೇ ಎಂಜಿನ್ನಿನ ಕಡೆ ತಿರುಗಿದೆ. ಅಷ್ಟರಲ್ಲಿ ಮಾಲೀಕರ ಕೈ ಅಭ್ಯಾಸಬಲದಿಂದ ಬಲ್ಬಿನ ಕಡೆಗೆ ಹೋಗಿತ್ತು.

“ಅದನ್ನು ಒತ್ತಬೇಡಿ, ಹಿಡಿದು ಮಾತ್ರ ನೋಡಿ,” ಎಂದೆ.

“ಗಟ್ಟಿಯಾಗಿಯೇ ಇದೆ ಮೇಸ್ತ್ರಿ. ಆದರೆ ಒತ್ತದೆ ಇದು ಸ್ಟಾರ್ಟ್ ಆಗುವುದಿಲ್ಲ,” ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಆತಂಕ ಹೆಚ್ಚಾಗಿತ್ತು. ಬಂಡೆಯನ್ನು ಬೆನ್ನಿಗಿಟ್ಟುಕೊಂಡು, ತಮಗೆ ಗೊತ್ತಿರುವ ಒಂದೇ ಉಪಾಯವನ್ನು ಬಿಡಿ ಎಂದರೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ.

ಬಲ್ಬ್ ಚಪ್ಪಟೆಯಾಗಿರಲಿಲ್ಲ, ವೆಂಟ್ ತೆರೆದಿತ್ತು. ಸಿಲಿಂಡರ್ ಹೆಡ್ಡಿನ ಮೇಲೆ ಬೆರಳಿನಿಂದ ನೀರು ಚಿಮುಕಿಸಿದರೆ ಚುರ್ ಎನ್ನಲಿಲ್ಲ. ಎಂಜಿನ್ ಮಿತಿ ಮೀರಿ ಕಾದಿರಲಿಲ್ಲ. ಕಿಲ್ ಸ್ವಿಚ್ಚಿನ ವೈರನ್ನು ಕನೆಕ್ಟರಿನಲ್ಲಿ ಬೇರ್ಪಡಿಸಿ ಅಳಿಯನಿಂದ ಹಗ್ಗ ಎಳೆಸಿದೆ, ಲೈಟ್ ಬರಲಿಲ್ಲ. ಸ್ವಿಚ್ ಸೋರಿ ಅರ್ತ್ ಆಗುತ್ತಿದ್ದರೆ, ಅಂದರೆ ವಿದ್ಯುತ್ ಎಂಜಿನ್ನಿನ ಮೈಗೆ ಹರಿದುಹೋಗುತ್ತಿದ್ದರೆ, ಈಗ ಲೈಟ್ ಬರಬೇಕಿತ್ತು. ವೈರನ್ನು ಕೂಡಲೇ ಮರಳಿ ಸೇರಿಸಿದೆ, ಏಕೆಂದರೆ ಅದಿಲ್ಲದೆ ಎಂಜಿನ್ ಸ್ಟಾರ್ಟ್ ಆದರೆ ಸ್ವಿಚ್ಚಿನಿಂದ ನಿಲ್ಲಿಸಲು ಆಗುವುದಿಲ್ಲ. ಬಳಿಕ ಚಾರ್ಜ್ ಕಾಯಿಲ್‌ನಿಂದ ಸಿಡಿಐಗೆ ಹೋಗುವ ಎರಡು ವೈರುಗಳನ್ನು ಬಿಡಿಸಿ ಮೀಟರಿನ ಕ್ಲಿಪ್ಪುಗಳನ್ನು ಕಚ್ಚಿಸಿದೆ. ಮೀಟರ್ ಯಾವ ಅಂಕಿಯನ್ನೂ ತೋರಿಸಲಿಲ್ಲ. ತಣ್ಣಗಿದ್ದಾಗ ಅದೇ ಎರಡು ವೈರುಗಳ ನಡುವೆ ಕೆಲವು ನೂರು ಓಮ್‌ಗಳನ್ನು ನಾನೇ ಅಳೆದು ಬರೆದಿಟ್ಟಿದ್ದೆ. ತಾಮ್ರದ ತಂತಿ ಬಿಸಿಯಾದಾಗ ಅದರ ರೋಧ ಡಿಗ್ರಿಗೆ ಸುಮಾರು ಶೇ. 0.4ರಂತೆ ಏರುತ್ತದೆ, ಐವತ್ತು ಡಿಗ್ರಿ ಹೆಚ್ಚಾದರೆ ಶೇ. 20ರಷ್ಟು ಏರಿಕೆ ಸಹಜ. ಅಂಕಿಯೇ ಇಲ್ಲವಾಗುವುದು ಸಹಜವಲ್ಲ. ಒಳಗೆಲ್ಲೋ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಕಡಿದುಕೊಂಡಿತ್ತು.

ನಾನು ಕ್ಲಿಪ್ಪುಗಳನ್ನು ತೆಗೆಯಲಿಲ್ಲ. ಮೂವರೂ ಮೀಟರನ್ನೇ ನೋಡುತ್ತ ಕುಳಿತೆವು. ಲಂಗರಿನ ಹಗ್ಗ ಬಿಗಿಯುತ್ತ ಸಡಿಲುತ್ತ ಇತ್ತು, ಜೊತೆಯ ದೋಣಿಯವರು ಹತ್ತಿರ ಬಂದು ಎಳೆದುಕೊಂಡು ಹೋಗಬೇಕೇ ಎಂದು ಕೇಳಿದರು, ಸ್ವಲ್ಪ ತಾಳಿ ಎಂದೆವು. ಬಹಳ ಹೊತ್ತಿನ ಮೇಲೆ ಪರದೆಯಲ್ಲಿ ಅಂಕಿಯೊಂದು ಮೂಡಿ ಮಾಯವಾಯಿತು, ಮತ್ತೆ ಮೂಡಿತು, ಹೊಯ್ದಾಡಿ ಕೊನೆಗೆ ನಿಂತಿತು. ನಾನು ಬರೆದಿಟ್ಟ ಅಂಕಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ವೈರುಗಳನ್ನು ಸೇರಿಸಿ, ಬಲ್ಬನ್ನು ಯಾರೂ ಮುಟ್ಟದಂತೆ ನೋಡಿಕೊಂಡು ಹಗ್ಗ ಎಳೆದಾಗ ಮೊದಲ ಎಳೆತಕ್ಕೇ ಎಂಜಿನ್ ಹಿಡಿಯಿತು. ಅರ್ಧ ಥ್ರಾಟಲ್‌ನಲ್ಲಿ, ಜೊತೆಯ ದೋಣಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಹಿಂತಿರುಗಿದೆವು.

ವರ್ಕ್‌ಶಾಪಿನಲ್ಲಿ ಫ್ಲೈವೀಲನ್ನು ಪುಲ್ಲರ್ ಹಾಕಿ ತೆಗೆದೆ. ಕ್ರ್ಯಾಂಕ್‌ಶಾಫ್ಟಿನ ತುದಿಗೆ ಸುತ್ತಿಗೆ ಬಡಿದು ಫ್ಲೈವೀಲ್ ಬಿಡಿಸುವವರು ಈಗಲೂ ಇದ್ದಾರೆ. ಅದರಿಂದ ಬೇರಿಂಗ್ ಹಾಳಾಗಬಹುದು, ಒಳಗೆ ಅಂಟಿಸಿದ ಅಯಸ್ಕಾಂತಗಳು ಸಡಿಲಬಹುದು. ಕಾಯಿಲ್‌ನ ಲೇಪದಲ್ಲಿ ಕೂದಲೆಳೆಯಂಥ ಬಿರುಕಿತ್ತು, ವೈರು ಒಳಗೆ ಹೋಗುವಲ್ಲಿ ತಾಮ್ರ ಹಸಿರುಗಟ್ಟಿತ್ತು. ಕಡಲಲ್ಲಿ ಕಂಡದ್ದು ಬೆಂಚಿನ ಮೇಲೂ ನಿಲ್ಲಬೇಕೆಂದು ಹಾಟ್ ಏರ್ ಗನ್ನನ್ನು ದೂರದಿಂದ ಹಿಡಿದು ನಿಧಾನವಾಗಿ ಬಿಸಿ ಮಾಡಿದೆ. ಅಂಕಿ ಏರುತ್ತ ಹೋಗಿ ಒಮ್ಮೆಲೇ ಮಾಯವಾಯಿತು, ತಣಿದ ಮೇಲೆ ಮರಳಿತು. ಹೊಸ ಕಾಯಿಲ್ ಕೂರಿಸಿ, ಶಾಫ್ಟಿನ ಟೇಪರನ್ನು ಒಣ ಬಟ್ಟೆಯಿಂದ ಒರೆಸಿ, ಫ್ಲೈವೀಲನ್ನು ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ಹಿಡಿಯುವ ಲೋಹದ ಕೀ ನೆಟ್ಟಗಿರುವುದನ್ನು ನೋಡಿ, ನಟ್ಟನ್ನು ಟಾರ್ಕ್ ವ್ರೆಂಚಿನಿಂದ ಮ್ಯಾನ್ಯುವಲ್ ಹೇಳಿದಷ್ಟೇ ಬಿಗಿದೆ. ಹಿಂದೆ ನಿಲ್ಲುತ್ತಿದ್ದ ಹೊತ್ತನ್ನು ದಾಟಿ, ಭಾರ ಹೊತ್ತುಕೊಂಡು ಪೂರ್ತಿ ಥ್ರಾಟಲ್‌ನಲ್ಲಿ ಓಡಿದ ಮೇಲೆಯೇ ಕಾರ್ಡಿಗೆ ಸಹಿ ಹಾಕಿದೆ.

ಇಂಥ ಇಗ್ನಿಷನ್ ದೋಷ ಹುಡುಕಲು ನೆರವಾಗುವ, ಸಿಡಿಐಯ ಪೀಕ್ ವೋಲ್ಟೇಜ್ (ಕ್ಷಣಮಾತ್ರದ ಗರಿಷ್ಠ ವೋಲ್ಟೇಜ್) ಅಳೆಯುವ ಅಡಾಪ್ಟರ್ ನಮ್ಮಲ್ಲಿದೆ. ಅದು ದುಬಾರಿಯೆಂದು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರೆ, ಕೀಲಿ ಇರುವವರು ಬೆಂಚಿನ ಹತ್ತಿರ ಬರುವುದು ಅಪರೂಪ. ಕಾರ್ಬುರೇಟರ್ ಕಿಟ್ಟುಗಳು ಮಾತ್ರ ಕೈಗೆಟಕುವ ಕಪಾಟಿನಲ್ಲಿವೆ. ಹುಡುಗರು ಮೊದಲು ಕಿಟ್ ತೆಗೆದುಕೊಳ್ಳುವುದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ. ಈಗ ನಾನು ಕಾರ್ಡಿನ ಹಿಂಬದಿಯಲ್ಲಿ ದೋಣಿಯವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳುತ್ತೇನೆ: ಎಷ್ಟು ಹೊತ್ತು ಓಡಿತು, ಮುಗ್ಗರಿಸಿ ನಿಂತಿತೇ ಒಮ್ಮೆಲೇ ನಿಂತಿತೇ, ಎಷ್ಟು ಹೊತ್ತಿನ ಮೇಲೆ ಮತ್ತೆ ಹಿಡಿಯಿತು, ಆಗ ಬಲ್ಬ್ ಗಟ್ಟಿಯಿತ್ತೇ ಚಪ್ಪಟೆಯಾಗಿತ್ತೇ. ಕಡಲಿಗೆ ಹೋಗಲು ಬಿಡುವಿಲ್ಲದಿದ್ದರೆ ಅವರ ಕೈಗೇ ಟೆಸ್ಟರ್ ಕೊಟ್ಟು, ನಿಲ್ಲುವ ಗಳಿಗೆಯಲ್ಲಿ ಲೈಟ್ ಇತ್ತೇ ಇಲ್ಲವೇ ಎಂದು ನೋಡಿಕೊಂಡು ಬರಲು ಹೇಳುತ್ತೇನೆ. ಅವರು ತಪ್ಪದೆ ನೋಡಿಕೊಂಡು ಬರುತ್ತಾರೆ, ಏಕೆಂದರೆ ಆ ಎಂಜಿನ್ನಿನ ಮೇಲೆ ನಿಂತಿರುವುದು ಅವರ ಜೀವ.

ಮಾಲೀಕರು ಅಗತ್ಯವಿಲ್ಲದ ಕಿಟ್, ಡಯಾಫ್ರಾಮ್ ಮತ್ತು ಕೂಲಿಗೆ ಕೊಟ್ಟ ಹಣವನ್ನು ಹಿಂತಿರುಗಿಸಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಹಳೆಯ ಮೋಟಾರಿಗೆ ಅವು ಹೇಗೂ ಬೇಕಾಗುತ್ತಿದ್ದವು ಎಂಬುದು ಮ್ಯಾನೇಜರರ ಉತ್ತರ. ಬಿಡಿಭಾಗಗಳ ಮಟ್ಟಿಗೆ ಆ ಮಾತನ್ನು ಒಪ್ಪಬಹುದು, ಕೂಲಿಯ ಮಟ್ಟಿಗೆ ನಾನು ಒಪ್ಪಿಲ್ಲ. ಆ ಪತ್ರವನ್ನು ಹಿಂತೆಗೆದುಕೊಂಡೂ ಇಲ್ಲ.