ಕಡಜದ ಗೂಡು, ರೇಡಾರ್ ರಿಪೇರಿ ಮತ್ತು ನೀಲೇಶ್ವರದ ದಾರಿ

ಕಾಸರಗೋಡಿನ ಚಂದ್ರಗಿರಿ ಅಳಿವೆಯಿಂದ ನೀಲೇಶ್ವರದ ಅಳಿತ್ತಲಕ್ಕೆ ಸಮುದ್ರದ ಮೇಲೆ 18 ನಾಟಿಕಲ್ ಮೈಲಿನ ಆಸುಪಾಸು. ಬಸ್ಸಿನಲ್ಲಿ ಗಂಟೆ ಚಿಲ್ಲರೆಯಲ್ಲಿ ಮುಗಿಯುವ ದಾರಿಯನ್ನು ದೋಣಿಯಲ್ಲಿ ಮೂರು ಗಂಟೆ ಮಾಡಿಕೊಂಡು ಹೋಗುವ ಹುಚ್ಚು ನನಗೂ ನನ್ನ ಭಾವನಿಗೂ ಇದೆ. ಇಬ್ಬರೂ ಸೇರಿ ಕೊಂಡ 28 ಅಡಿಯ ಫೈಬರ್ ದೋಣಿ ತಳಂಗರೆ ಬದಿಯ ಹೊಳೆಯಲ್ಲಿ ನಿಂತಿರುತ್ತದೆ. ಈ ಸಲ ಹೊರಡುವ ಮೊದಲೇ ಎರಡು ತಿಂಗಳು ಹೋಯಿತು. ಕಾರಣ ರೇಡಾರ್. ಇದೇ ದಾರಿಯಲ್ಲಿ ಹೊರಡಬೇಕೆಂದಿರುವವರಿಗೆ ನಮ್ಮ ಎರಡು ತಿಂಗಳು ಎರಡು ದಿನಕ್ಕೆ ಇಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಳೆಗಾಲದ ನಾಲ್ಕು ತಿಂಗಳು ದೋಣಿಗೆ ಟಾರ್ಪಾಲು ಹೊದಿಸಿ ಬಿಟ್ಟಿದ್ದೆವು. ಅಕ್ಟೋಬರಿನಲ್ಲಿ ಹೊದಿಕೆ ತೆಗೆದು ರೇಡಾರ್ ಹಾಕಿದರೆ 90 ಸೆಕೆಂಡಿನ ಎಣಿಕೆ ಸರಿಯಾಗಿಯೇ ಇಳಿಯಿತು. ರೇಡಿಯೊ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಭಾಗ ಬಿಸಿಯಾಗಲು ಅಷ್ಟು ಹೊತ್ತು ಬೇಕು. ಆಮೇಲೆ ಪರದೆ ಕಪ್ಪಾಗಿಯೇ ಉಳಿದು, ದಿಕ್ಕಿನ ಸಂಕೇತ ಬರುತ್ತಿಲ್ಲ ಎಂಬ ಎಚ್ಚರಿಕೆ ಮೂಡಿತು. ಆಂಟೆನಾ ಒಂದು ಸುತ್ತು ತಿರುಗಿದಾಗಲೆಲ್ಲ ಒಳಗಿನ ಚಿಕ್ಕ ಅಯಸ್ಕಾಂತವೊಂದು ಸಂವೇದಕದ ಎದುರು ಹಾದು ಈ ಸಂಕೇತವನ್ನು ಕೊಡುತ್ತದೆ. ಅದು ಬರುತ್ತಿಲ್ಲವೆಂದರೆ ಬಹುಪಾಲು ಆಂಟೆನಾ ತಿರುಗುತ್ತಿಲ್ಲ ಎಂದೇ ಅರ್ಥ. ಆಂಟೆನಾವನ್ನು ಮುಚ್ಚಿರುವ ಗುಮ್ಮಟಕ್ಕೆ ಕಿವಿ ಇಟ್ಟು ಕೇಳಿದೆವು. ಮೋಟಾರಿನ ಗುಂಯ್ ಶಬ್ದವಿತ್ತು, ತಿರುಗಾಟದ ಸದ್ದಿರಲಿಲ್ಲ.

ಗುಮ್ಮಟದ ಮುಚ್ಚಳ ತೆಗೆಯುವ ಮೊದಲು ವಿದ್ಯುತ್ ತಂತಿಯನ್ನು ಬ್ಯಾಟರಿಯ ಬುಡದಲ್ಲೇ ಕಳಚಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಕಾಯಿರಿ. ಒಳಗಿನ ಕೆಪಾಸಿಟರುಗಳಲ್ಲಿ ಸಾವಿರಾರು ವೋಲ್ಟ್ ಉಳಿದುಕೊಂಡಿರಬಹುದು. ಸ್ವಿಚ್ ಆರಿಸಿದೆವಲ್ಲ ಎಂದು ಕೈ ಹಾಕುವುದು ಬೇಡ. ಕಬ್ಬಿಣದ ಸ್ಕ್ರೂಡ್ರೈವರನ್ನು ಮ್ಯಾಗ್ನೆಟ್ರಾನ್ ಹತ್ತಿರ ಒಯ್ಯಬೇಡಿ. ಅದರ ಅಯಸ್ಕಾಂತ ಉಪಕರಣವನ್ನು ಕೈಯಿಂದ ಕಿತ್ತುಕೊಳ್ಳುತ್ತದೆ, ಪದೇಪದೇ ಹಾಗಾದರೆ ಅದರ ಶಕ್ತಿಯೂ ಕುಂದುತ್ತದೆ. ಕೈಗಡಿಯಾರ, ಎಟಿಎಂ ಕಾರ್ಡು ದಡದಲ್ಲಿರಲಿ.

ಮುಚ್ಚಳ ಎತ್ತಿದಾಗ ತಳದಲ್ಲಿ ಒಂದು ಲೋಟದಷ್ಟು ನೀರು. ನೀರು ಇಳಿದುಹೋಗಲೆಂದೇ ಗುಮ್ಮಟದ ಅಡಿಯಲ್ಲಿ ಬೆರಳು ಗಾತ್ರದ ಕೊಳವೆಯಿದೆ. ಆ ಕೊಳವೆಯೊಳಗೆ ಕಡಜವೊಂದು ಮಣ್ಣಿನ ಗೂಡು ಕಟ್ಟಿತ್ತು! ಮನೆಯ ಮಾಡಿನ ಸಂದು, ಬಾಗಿಲ ಬೀಗದ ತೂತು, ಎಲ್ಲೆಂದರಲ್ಲಿ ಮಣ್ಣು ಮೆತ್ತುವ ಅದೇ ಕಡಜ. ಇಳಿಯಲಾಗದ ನೀರು ಆವಿಯಾಗಿ ಒಳಗೇ ಸುತ್ತಿ, ಕನೆಕ್ಟರಿನ ತಾಮ್ರವನ್ನು ಹಸಿರಾಗಿಸಿತ್ತು. ಆಂಟೆನಾ ತಿರುಗಿಸುವ ರಬ್ಬರ್ ಬೆಲ್ಟು ವಯಸ್ಸಾಗಿ ತುಂಡಾಗಿತ್ತು. ಈಗ ಆ ಕೊಳವೆಯ ಬಾಯಿಗೆ ಸೊಳ್ಳೆಪರದೆಯ ತುಂಡೊಂದನ್ನು ಕಟ್ಟಿದ್ದೇವೆ. ಖರ್ಚು ಸೊನ್ನೆ.

ಗುಮ್ಮಟವನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಮಂಗಳೂರಿಗೆ ರೈಲಿನಲ್ಲಿ ಒಯ್ದೆ. ಎರಡಡಿ ಅಗಲ, ಒಂಬತ್ತು ಕಿಲೋ ತೂಕ, ಒಬ್ಬನೇ ಹಿಡಿಯಬಹುದು. ಎದುರು ಕುಳಿತ ಹೆಂಗಸು, ಯಾರ ಮದುವೆಗೆ ಪಾಯಸದ ಉರುಳಿ ಒಯ್ಯುತ್ತಿದ್ದೀರಿ ಎಂದು ಕೇಳಿದರು. ನಾನು ವಿವರಿಸಲು ಹೋಗಲಿಲ್ಲ. ಉಪ್ಪಳ ದಾಟುವುದರೊಳಗೆ ಇಡೀ ಬೋಗಿಗೆ ಮದುವೆಯ ವಿಷಯ ಗೊತ್ತಾಗಿತ್ತು.

ಮೊದಲು ಹೋದ ಅಂಗಡಿಯ ಹೆಸರು ಬೇಡ. ಹತ್ತು ನಿಮಿಷ ನೋಡಿ, ಮ್ಯಾಗ್ನೆಟ್ರಾನ್ ಸತ್ತಿದೆ, ಅದನ್ನು ಬದಲಿಸುವ ಬದಲು ಹೊಸ ರೇಡಾರನ್ನೇ ಕೊಳ್ಳಿ ಎಂದರು. ಆಂಟೆನಾ ತಿರುಗದಿದ್ದರೆ ನಮ್ಮ ಯಂತ್ರ ಅಲೆಯನ್ನೇ ಬಿಡುವುದಿಲ್ಲ. ಅಲೆ ಬಿಡದ ಯಂತ್ರದ ಮ್ಯಾಗ್ನೆಟ್ರಾನ್ ಸತ್ತಿದ್ದು ಇವರಿಗೆ ಹೇಗೆ ಗೊತ್ತಾಯಿತು? ಈ ಪ್ರಶ್ನೆಯನ್ನು ಕೇಳಿದಾಗ ಅಂಗಡಿಯವರಿಗೆ ಬೇರೆ ಗಿರಾಕಿ ನೆನಪಾದರು. ಮ್ಯಾಗ್ನೆಟ್ರಾನಿಗೆ ಕೆಲವು ಸಾವಿರ ಗಂಟೆಗಳ ಆಯುಷ್ಯವಿರುತ್ತದೆ. ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ರೇಡಾರಿನ ಪರದೆಯ ಆಯ್ಕೆಪಟ್ಟಿಯಲ್ಲೇ (ಮೆನು) ಸಿಗುತ್ತದೆ. ನಮ್ಮದು ಆರುನೂರನ್ನೂ ದಾಟಿರಲಿಲ್ಲ. ಬಿಚ್ಚಿ ಒಯ್ಯುವ ಮೊದಲು ಆ ಅಂಕೆಯ ಫೋಟೋ ತೆಗೆದಿಟ್ಟುಕೊಳ್ಳಿ, ಒಳಗಿನ ಭಾಗಗಳ ಕ್ರಮಸಂಖ್ಯೆಯದ್ದೂ ಇರಲಿ.

ಕೊನೆಗೆ ಕೆಲಸವಾದದ್ದು ಮಂಗಳೂರಿನ ಮೀನುಗಾರಿಕೆ ಬಂದರಾದ ಧಕ್ಕೆಯ ಬಳಿ, ಟ್ರಾಲ್ ಬೋಟುಗಳ ಯಂತ್ರ ನೋಡುವ ಒಬ್ಬ ಹಿರಿಯರ ಕೈಯಲ್ಲಿ. ಕನೆಕ್ಟರ್ ಕತ್ತರಿಸಿ ಹೊಸದು ಹಾಕಿದರು, ಬೇರಿಂಗಿಗೆ ಗ್ರೀಸ್ ಕೊಟ್ಟರು, ಬೆಲ್ಟಿಗೆ ಹೇಳಿಕಳಿಸಿದರು. ಬೆಲ್ಟು ಬರಲು ಮೂರು ವಾರ. ನಿಮ್ಮ ರೇಡಾರ್ ಐದಾರು ವರ್ಷ ಹಳೆಯದಾದರೆ ಒಂದು ಬೆಲ್ಟನ್ನು ಈಗಲೇ ತರಿಸಿಟ್ಟುಕೊಳ್ಳಿ.

ಬಿಚ್ಚುವುದಕ್ಕಿಂತ ಕೂರಿಸುವುದೇ ದೊಡ್ಡ ಕೆಲಸ. ನಾವು ಅರ್ಧ ದಿನ ಎಂದುಕೊಂಡದ್ದು ಮೂರು ದಿನವಾಯಿತು. ಮೊದಲ ದಿನ ಗುಮ್ಮಟ ಕಂಬದ ಮೇಲೇರಿ, ತಂತಿ ಜೋಡಿಸಿ ಹಾಕಿದರೆ ಯಂತ್ರ ಎರಡು ನಿಮಿಷ ಓಡಿ ತಾನಾಗಿ ಆರಿತು. ಬ್ಯಾಟರಿಯ ಬಳಿ 12.6 ವೋಲ್ಟ್ ಇತ್ತು. ರೇಡಾರ್ ಓಡುವಾಗ ಅದರ ಬಾಯಲ್ಲಿ ಅಳೆದರೆ 10.8. ನಡುವಿನ ಫ್ಯೂಸಿನ ಗೂಡು ತುಕ್ಕು ಹಿಡಿದು ಹತ್ತಿರಹತ್ತಿರ ಎರಡು ವೋಲ್ಟನ್ನು ನುಂಗುತ್ತಿತ್ತು. ಯಂತ್ರ ಸುಮ್ಮನಿದ್ದಾಗ ಅಳೆದರೆ ಈ ಕಳ್ಳ ಸಿಗುವುದಿಲ್ಲ, ಓಡುತ್ತಿರುವಾಗಲೇ ಅಳೆಯಬೇಕು.

ಕಂಬ ಅಲ್ಯೂಮಿನಿಯಂ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲ್. ಉಪ್ಪುನೀರಿನಲ್ಲಿ ಇವೆರಡು ನೇರ ತಾಗಿದರೆ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ನಡುವೆ ನೈಲಾನ್ ವಾಷರ್ ಇರಲಿ. ಮುಚ್ಚಳದ ರಬ್ಬರನ್ನು ಅದರ ಕೊರಕಲಿನಲ್ಲಿ ಸರಿಯಾಗಿ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಭದ್ರವಾಗಲಿ ಎಂದು ಸುತ್ತಲೂ ಸಿಲಿಕೋನ್ ಬಳಿದರೆ ಮುಂದಿನ ಸಲ ಮುಚ್ಚಳವೇ ಒಡೆಯುತ್ತದೆ. ತಂತಿ ಗುಮ್ಮಟಕ್ಕೆ ಹೋಗುವ ಮೊದಲು ಕೆಳಗೆ ಒಂದು ಜೋಲು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಗುಮ್ಮಟಕ್ಕೆ ಬಣ್ಣ ಹಚ್ಚುವ ಆಸೆ ಭಾವನಿಗಿತ್ತು. ಲೋಹದ ಪುಡಿಯಿರುವ ಬಣ್ಣ ಅಲೆಯನ್ನು ತಡೆಯುತ್ತದೆ ಎಂದು ಹೇಳಿ ಡಬ್ಬಿಯನ್ನು ಬಚ್ಚಿಟ್ಟೆ.

ಎತ್ತರದ ಬಗ್ಗೆ ಒಂದು ಲೆಕ್ಕ. ಗುಮ್ಮಟದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 2.2ರಿಂದ ಗುಣಿಸಿದರೆ ರೇಡಾರಿನ ದಿಗಂತ, ಅಂದರೆ ನೀರಿನ ಮಟ್ಟದಲ್ಲಿ ಅದು ಕಾಣಬಲ್ಲ ದೂರ, ನಾಟಿಕಲ್ ಮೈಲಿನಲ್ಲಿ ಸಿಗುತ್ತದೆ. ನಮ್ಮದು ನೀರಿನಿಂದ ಮೂರೂವರೆ ಮೀಟರ್, ಅಂದರೆ ನಾಲ್ಕು ಮೈಲು ಚಿಲ್ಲರೆ. ಪೆಟ್ಟಿಗೆಯ ಮೇಲೆ 36 ಮೈಲು ಎಂದು ಬರೆದಿರುವುದು ಅಷ್ಟು ದೂರದಲ್ಲಿ ದೊಡ್ಡ ಬೆಟ್ಟವಿದ್ದರೆ ಮಾತ್ರ. ಹಾಗೆಂದು ಕಂಬವನ್ನು ಸುಮ್ಮನೆ ಎತ್ತರಿಸಿದರೆ ದೋಣಿ ಹೊರಳುವುದು ಹೆಚ್ಚುತ್ತದೆ, ತೀರ ಹತ್ತಿರದ ವಸ್ತು ಕಿರಣದ ಅಡಿಯಲ್ಲಿ ತಪ್ಪಿಸಿಕೊಳ್ಳುತ್ತದೆ. ದೋಣಿಯಲ್ಲಿ ನಿಂತವರ ತಲೆಗಿಂತ ಮೇಲಿರುವುದು ಮಾತ್ರ ಕಡ್ಡಾಯ.

ಮೂರನೆಯ ದಿನ ಬೆಳಗಿನ ನಿಂತ ನೀರಿನಲ್ಲಿ ದಿಕ್ಕು ಹೊಂದಿಸಿದೆವು. ಅಳಿವೆಯಿಂದ ಅರ್ಧ ಮೈಲು ಹೊರಗೆ ಹೋಗಿ, ದೋಣಿಯ ಮೂತಿಯನ್ನು ಬಂದರಿನ ಕಲ್ಲುಗೋಡೆಯ ತುದಿಗೆ ನೇರವಾಗಿ ಹಿಡಿದೆವು. ಪರದೆಯಲ್ಲಿ ಆ ತುದಿ ಮೂತಿಗೆರೆಯ ಮೇಲಿರಬೇಕಿತ್ತು. ಏಳು ಡಿಗ್ರಿ ಎಡಕ್ಕಿತ್ತು. ಏಳು ಡಿಗ್ರಿ ಎಂದರೆ ಕೇಳಲು ಸಣ್ಣದು. ಮೂರು ಮೈಲು ದೂರದಲ್ಲಿ ಅದು ಸುಮಾರು 680 ಮೀಟರ್ ಆಗುತ್ತದೆ. ಎದುರಿನಿಂದ ಬರುವ ಬೋಟು ನಮ್ಮ ಯಾವ ಬದಿಯಲ್ಲಿ ಹಾದುಹೋಗುತ್ತದೆ ಎಂಬುದೇ ಅದಲುಬದಲಾಗಲು ಅಷ್ಟು ಸಾಕು. ಆಯ್ಕೆಪಟ್ಟಿಯೊಳಗೆ ಹೋಗಿ ಆ ಏಳನ್ನು ಕಳೆದೆವು. ಮರಳಿ ಹೊಳೆಗೆ ಬಂದು ಚಂದ್ರಗಿರಿಯ ಸೇತುವೆಯ ಮೇಲೆ ದೂರದ ತಿದ್ದುಪಡಿ ಮಾಡಿದೆವು. ನೇರವಾದ ಸೇತುವೆ ಪರದೆಯಲ್ಲಿ ಬಿಲ್ಲಿನಂತೆ ಬಾಗಿ ಕಂಡರೆ ಯಂತ್ರದ ಸೊನ್ನೆ ದೂರ ತಪ್ಪಿದೆ ಎಂದರ್ಥ. ಗೆರೆ ನೇರವಾಗುವವರೆಗೆ ಸರಿಪಡಿಸುತ್ತ ಹೋಗಬೇಕು.

ಡಿಸೆಂಬರಿನ ನಡುವಿನಲ್ಲಿ ಹೊರಟೆವು. ಈ ಪ್ರಯಾಣಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಮೂಡುಗಾಳಿ ತೆಳುವಾಗಿ ಬೀಸುತ್ತದೆ, ನೀರು ಎಣ್ಣೆಯಂತಿರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದಮೇಲೆ ಚಿಕ್ಕ ದೋಣಿಗೆ ಸುಖವಿಲ್ಲ. ಅಳಿವೆ ದಾಟುವುದನ್ನು ಉಬ್ಬರದ ನೀರಿನಲ್ಲೇ ಮಾಡಿ. ಇಳಿತದ ನೀರು ಹೊರನುಗ್ಗುವಾಗ ಪಡುವಣ ತೆರೆ ಎದುರಾದರೆ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಮರಳ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುವುದರಿಂದ ಹೋದ ವರ್ಷದ ಜಿಪಿಎಸ್ ಗೆರೆಯನ್ನು ನಂಬಬೇಡಿ. ಹಿಂದಿನ ಸಂಜೆ ಬಂದರಿನಲ್ಲಿ ಯಾವುದಾದರೂ ದೋಣಿಯ ತಾಂಡೇಲರನ್ನು, ಅಂದರೆ ದೋಣಿ ನಡೆಸುವ ಮುಖ್ಯಸ್ಥರನ್ನು, ಕೇಳಿ. ನಮಗೆ ದಾರಿ ಹೇಳಿದವರು ನಮ್ಮ ಗುಮ್ಮಟವನ್ನು ಕಂಡು, ಆ ಚಟ್ಟಿ ಮೀನು ತೋರಿಸುತ್ತದೆಯೇ ಎಂದು ಮಲಯಾಳದಲ್ಲಿ ಕೇಳಿದರು. ಇಲ್ಲ ಎಂದಾಗ ಅವರ ಆಸಕ್ತಿ ಅಲ್ಲಿಗೇ ಮುಗಿಯಿತು.

ಐದೂ ಮುಕ್ಕಾಲಿಗೆ ಅಳಿವೆ ದಾಟಿದಾಗ ಇನ್ನೂ ಕತ್ತಲು, ಜೊತೆಗೆ ಮಂಜು. ದಡದಿಂದ ಎರಡು ಮೈಲು ಹೊರಗೆ ತೆಂಕಣ ದಾರಿ ಹಿಡಿದೆವು. ರೇಡಾರಿನ ವ್ಯಾಪ್ತಿಯನ್ನು ಒಂದೂವರೆ ಮೈಲಿಗೆ ಇಟ್ಟು, ಆಗಾಗ ಮೂರಕ್ಕೆ ಏರಿಸಿ ನೋಡುತ್ತಿದ್ದೆವು. ಟ್ರಾಲ್ ಬೋಟುಗಳು ದಪ್ಪ ಚುಕ್ಕೆಗಳಾಗಿ ಸ್ಪಷ್ಟವಾಗಿ ಬಂದವು. ಹೊರ ಎಂಜಿನ್ನಿನ ಫೈಬರ್ ದೋಣಿಗಳ ಕಥೆ ಬೇರೆ. ಫೈಬರ್ ಅಲೆಯನ್ನು ಹೆಚ್ಚು ಹಿಂದಿರುಗಿಸುವುದಿಲ್ಲ. ಇಬ್ಬರು ಕುಳಿತು ಬಲೆ ಎಳೆಯುತ್ತಿದ್ದ ದೋಣಿಯೊಂದು ಪರದೆಯಲ್ಲಿ ಕಾಣಿಸಿದ್ದು ಕಾಲು ಮೈಲಿನಲ್ಲಿ, ಅದೂ ಒಂದು ಸುತ್ತಿಗೆ ಇದ್ದು ಮರುಸುತ್ತಿಗೆ ಇಲ್ಲ. ಭಾವ ಅದಕ್ಕೂ ಮೊದಲೇ ಅವರ ಟಾರ್ಚಿನ ಬೆಳಕನ್ನು ಕಂಡಿದ್ದ. ಸಮುದ್ರದ ತೆರೆಗಳು ಪರದೆಯಲ್ಲಿ ಮೂಡಿಸುವ ಗದ್ದಲವನ್ನು ಅಳಿಸುವ ಗುಂಡಿಯನ್ನು ನಾನು ಪರದೆ ಚೊಕ್ಕಟವಾಗಲಿ ಎಂದು ಪೂರ್ತಿ ಏರಿಸಿದ್ದೆ. ಗದ್ದಲದ ಜೊತೆ ದೋಣಿಗಳನ್ನೂ ಅಳಿಸಿದ್ದೆ. ಪರದೆಯಲ್ಲಿ ಒಂದಿಷ್ಟು ಕಸ ಕಾಣುತ್ತಿರಬೇಕು. ಬಲೆಗೆ ಕಟ್ಟಿದ ಪ್ಲಾಸ್ಟಿಕ್ ಡಬ್ಬಿಗಳಂತೂ ಯಾವ ರೇಡಾರಿಗೂ ಸುಲಭಕ್ಕೆ ಸಿಗುವುದಿಲ್ಲ. ಒಬ್ಬರು ಮುಂದೆ ನಿಂತು ನೋಡುತ್ತಲೇ ಇರಬೇಕು. ನಮ್ಮದೂ ಫೈಬರೇ ಆದ್ದರಿಂದ ಕಂಬಕ್ಕೆ ಎಂಟು ಮುಖದ ಅಲ್ಯೂಮಿನಿಯಂ ಪ್ರತಿಫಲಕವೊಂದನ್ನು ತೂಗುಹಾಕಿದ್ದೇವೆ, ಇತರರ ಪರದೆಯಲ್ಲಿ ನಾವು ಕಾಣಲೆಂದು.

ಏಳು ಗಂಟೆಯ ಹೊತ್ತಿಗೆ ಬೇಕಲ. ಕೆಳದಿಯ ಶಿವಪ್ಪ ನಾಯಕನ ಕಾಲದ ಈ ಕೋಟೆಗೆ ಶಾಲೆಯ ಪ್ರವಾಸದಿಂದ ಹಿಡಿದು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಸಮುದ್ರದಿಂದ ನೋಡಿದಾಗಲೇ ಅದನ್ನು ಅಲ್ಲಿ ಏಕೆ ಕಟ್ಟಿದರೆಂದು ಅರ್ಥವಾಗುವುದು. ಮಂಜಿನಲ್ಲಿ ಕಣ್ಣಿಗೆ ಕಾಣುವ ಮೊದಲೇ ನೀರಿಗೆ ಚಾಚಿದ ಆ ಮೂಗು ಪರದೆಯಲ್ಲಿ ದಟ್ಟವಾಗಿ ಮೂಡಿತು. ಅದರ ಪಕ್ಕದ ಪಳ್ಳಿಕೆರೆಯ ಮರಳ ದಂಡೆ ಮಾತ್ರ ಮೂಡಲೇ ಇಲ್ಲ. ಮಟ್ಟಸವಾದ ಮರಳು ಅಲೆಯನ್ನು ನಮ್ಮತ್ತ ಹಿಂದಿರುಗಿಸುವುದು ತೀರ ಕಡಿಮೆ. ಪರದೆಯಲ್ಲಿ ದಡವೆಂದು ಕಾಣುವುದು ಅದರ ಹಿಂದಿನ ತೆಂಗಿನ ಸಾಲು. ನಮ್ಮ ಕರಾವಳಿಯ ಉದ್ದಕ್ಕೂ ಇದು ನೆನಪಿರಲಿ: ರೇಡಾರ್ ತೋರಿಸುವ ದಡಕ್ಕಿಂತ ನಿಜವಾದ ದಡ ನಿಮಗೆ ಹತ್ತಿರವಿರುತ್ತದೆ.

ಬೇಕಲದಿಂದ ಮುಂದೆ ಕಾಞಂಗಾಡಿನ ಹೊಸದುರ್ಗದವರೆಗೆ ಹೇಳುವಂಥದ್ದೇನೂ ಇಲ್ಲ. ಬಿಸಿಲೇರಿತು, ಮಂಜು ಹರಿಯಿತು, ಅವಲಕ್ಕಿ ತಿಂದೆವು.

ಅಳಿತ್ತಲದಲ್ಲಿ ಒಳಗೆ ತಿರುಗಿದರೆ ತೇಜಸ್ವಿನಿ ಹೊಳೆಯ ನೀರು, ಬಲಕ್ಕೆ ವಲಿಯಪರಂಬದ ಹಿನ್ನೀರು, ಎಡಕ್ಕೆ ಕೋಟ್ಟಪ್ಪುರಂ. ಒಳಗೆ ಬಂದ ಕೂಡಲೇ ರೇಡಾರನ್ನು ವಿರಾಮಕ್ಕೆ ಹಾಕಿ. ಹೌಸ್‌ಬೋಟಿನ ಮಾಳಿಗೆಯಲ್ಲಿ ಕುಳಿತವರ ಮುಖ ಸರಿಯಾಗಿ ನಿಮ್ಮ ಗುಮ್ಮಟದ ಎತ್ತರಕ್ಕೇ ಇರುತ್ತದೆ, ರೇಡಾರಿನ ಅಲೆ ನೇರ ಅಲ್ಲಿಗೇ ಬೀಳುತ್ತದೆ. ಸೇತುವೆಯ ಅಡಿ ಹೋಗುವ ಮೊದಲು ಕಂಬದ ಎತ್ತರವನ್ನೂ ಆ ದಿನದ ಉಬ್ಬರವನ್ನೂ ಕೂಡಿಸಿ ನೋಡಿಕೊಳ್ಳಿ. ನಮ್ಮ ಕಂಬ ಮಡಚುತ್ತದೆ. ಮಡಚಿ ಎತ್ತಿದ ಮೇಲೆ ಪಿನ್ನು ಹಳೆಯ ಜಾಗದಲ್ಲೇ ಕೂರದೆ ದಿಕ್ಕು ಎರಡು ಡಿಗ್ರಿ ಜಾರಿತ್ತು. ಮರಳುವಾಗ ಇನ್ನೊಮ್ಮೆ ಹೊಂದಿಸಬೇಕಾಯಿತು.

ನೋಂದಣಿ, ವಿಮೆ, ಎಲ್ಲರ ಗುರುತುಚೀಟಿ ನೀರು ತಾಗದ ಚೀಲದಲ್ಲಿರಲಿ. ಕರಾವಳಿ ಪೊಲೀಸರು ನಿಲ್ಲಿಸಿ ಕೇಳುತ್ತಾರೆ, ಕೇಳಬೇಕಾದದ್ದೇ. ಹೊರಡುವ ಮೊದಲು ಅವರಿಗೊಂದು ಫೋನ್ ಮಾಡಿದರೆ ನಿಲ್ಲಿಸುವುದೂ ಬೇಗ ಮುಗಿಯುತ್ತದೆ. ಅಪಾಯಕ್ಕೆ ಕೋಸ್ಟ್ ಗಾರ್ಡಿನ ಸಂಖ್ಯೆ 1554, ಕರಾವಳಿ ಪೊಲೀಸರದ್ದು 1093. ವಿಎಚ್ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್ ತೆರೆದೇ ಇರಲಿ. ಅದೇ ದಿನ ಮರಳುವ ಯೋಚನೆ ಬೇಡ. ನಾವು ರಾತ್ರಿ ಕೋಟ್ಟಪ್ಪುರಂ ಬಳಿ ದೋಣಿ ಕಟ್ಟಿ, ಮರುದಿನ ಆರಕ್ಕೆ ಹೊರಟು ಒಂಬತ್ತೂವರೆಗೆ ಚಂದ್ರಗಿರಿಯೊಳಗಿದ್ದೆವು. ನಮ್ಮ ಹಿಂದೆ ಹನ್ನೆರಡಕ್ಕೆ ಬಂದ ಇನ್ನೊಂದು ದೋಣಿಯವರು ಅಂಗಿಯಿಂದ ಉಪ್ಪುನೀರು ಹಿಂಡುತ್ತಿದ್ದರು.