ಹವಾಮಾನ ಹಿಂದೆಯೂ ಬದಲಾಗಿತ್ತಲ್ವಾ?

ಮದುವೆ ಊಟದ ಪಂಕ್ತಿಯಲ್ಲಿ, ಮೀನು ಮಾರ್ಕೆಟ್‌ನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ. "ಹವಾಮಾನ ಹಿಂದೆಯೂ ಬದಲಾಗಿತ್ತಲ್ವಾ? ಈಗ ಮಾತ್ರ ಯಾಕಿಷ್ಟು ಗಾಬರಿ?" ನಾನು ಭೂವಿಜ್ಞಾನ ಪಾಠ ಮಾಡುವವಳು, ಅದಕ್ಕೇ ಕೇಳುತ್ತಾರೆ. ಮೊನ್ನೆ ಮಂಗಳೂರಿನ ಮನೆಯಲ್ಲಿ ಮರುವಾಯಿ (ಚಿಪ್ಪುಮೀನು) ಪುಂಡಿ ತಿನ್ನುತ್ತಾ ನಮ್ಮ ಭಾವನೂ ಕೇಳಿದರು. ಹೊರಗೆ ತಡೆಯಲಾಗದ ಸೆಖೆ.

ಹೌದು, ಬದಲಾಗಿತ್ತು. ಆದರೆ ಆಗ ಥರ್ಮಾಮೀಟರ್ ಇರಲಿಲ್ಲ, ಬರೆದಿಡುವವರೂ ಇರಲಿಲ್ಲ. ಮತ್ತೆ ಗೊತ್ತಾಗಿದ್ದು ಹೇಗೆ?

ಭಾವನ ತಟ್ಟೆಯಿಂದಲೇ ಒಂದು ಚಿಪ್ಪು ಎತ್ತಿ ತೋರಿಸಿದೆ. ಅದರ ಮೈಮೇಲಿನ ಗೆರೆಗಳು ಬೆಳವಣಿಗೆಯ ಗುರುತು. ಮರುವಾಯಿ ತನ್ನ ಸುತ್ತಲಿನ ನೀರಿನಿಂದಲೇ ಚಿಪ್ಪು ಕಟ್ಟಿಕೊಳ್ಳುತ್ತದೆ. ಆ ನೀರಿನ ಆಮ್ಲಜನಕ ಚಿಪ್ಪಿಗೂ ಸೇರುತ್ತದೆ. ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಎಂಬ ಬಗೆಗಳಿವೆ. ಆಟಿ ತಿಂಗಳಲ್ಲಿ ನೇತ್ರಾವತಿ ಕೆಂಪಾಗಿ ಹರಿಯುವಾಗ ಅಳಿವೆಯ ತುಂಬ ಮಳೆನೀರು. ಅದರಲ್ಲಿ ಭಾರದ ಆಮ್ಲಜನಕ ಕಡಿಮೆ. ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ಬಂದಾಗ ಅದು ಜಾಸ್ತಿ. ನೀರಿನ ಬಿಸಿಯಿಂದಲೂ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಗೆರೆ ಗೆರೆಯಿಂದ ಪುಡಿ ಕೆರೆದು ಅಳೆದರೆ ಮಳೆಗಾಲ ಯಾವುದು, ಬೇಸಿಗೆ ಯಾವುದು ಎಂದು ಹೇಳಬಹುದು. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆಯೇ ಬಂದಿರಲಿಲ್ಲ.

ಅರಬ್ಬಿ ಸಮುದ್ರದ ತಳದ ಕೆಸರಿನಲ್ಲೂ ಚಿಪ್ಪುಗಳಿವೆ, ಮರಳಿನ ಕಾಳಿನಷ್ಟು ಸಣ್ಣವು. ಅವುಗಳಲ್ಲಿ ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ಜೀವಿಯದು ವಿಶೇಷ. ಮುಂಗಾರಿನ ಗಾಳಿ ಮೇಲಿನ ನೀರನ್ನು ತಳ್ಳಿದಾಗ ಆಳದ ತಣ್ಣನೆ ನೀರು ಮೇಲೆ ಬರುತ್ತದಲ್ಲ, ನಮ್ಮ ಬೂತಾಯಿ ಮೀನಿಗೂ ಮೇವು ತರುವ ನೀರು, ಅದರಲ್ಲಿ ಇದು ಹುಲುಸಾಗಿ ಬೆಳೆಯುತ್ತದೆ. ಕೆಸರಿನ ಪದರದಲ್ಲಿ ಇದರ ಚಿಪ್ಪು ಜಾಸ್ತಿ ಇದ್ದರೆ ಆ ಕಾಲದಲ್ಲಿ ಮುಂಗಾರಿನ ಗಾಳಿ ಜೋರಾಗಿತ್ತು ಎಂದರ್ಥ. ಸುಮಾರು 9,000 ವರ್ಷಗಳ ಹಿಂದೆ ಮುಂಗಾರು ಇವತ್ತಿಗಿಂತ ಬಲವಾಗಿತ್ತು ಎಂದು ಗೊತ್ತಾಗಿದ್ದು ಹೀಗೆ. ಭೂಮಿಯ ಓಲಾಟದಿಂದ ಆಗ ಉತ್ತರಾರ್ಧಕ್ಕೆ ಬೇಸಿಗೆಯ ಬಿಸಿಲು ಹೆಚ್ಚು ಸಿಗುತ್ತಿತ್ತು.

ಇನ್ನೂ ಹಿಂದೆ ಹೋದರೆ, 20,000 ವರ್ಷಗಳ ಕೆಳಗೆ, ಹಿಮಯುಗದಲ್ಲಿ, ಸಮುದ್ರ ಸುಮಾರು 120 ಮೀಟರ್ ತಗ್ಗಿನಲ್ಲಿತ್ತು. ಇವತ್ತು ನಮ್ಮ ಬೋಟುಗಳು ಬಲೆ ಬೀಸುವ ಎಷ್ಟೋ ಜಾಗ ಆಗ ಒಣ ನೆಲ.

"ನೋಡು, ನಾನು ಹೇಳಿದ್ದೇ ಸರಿ," ಎಂದರು ಭಾವ.

ಅರ್ಧ ಸರಿ. ಆ ಹಿಮಯುಗ ಮುಗಿದಾಗ ಭೂಮಿ ಸುಮಾರು 5 ಡಿಗ್ರಿ ಬಿಸಿಯಾಯಿತು. ಅದಕ್ಕೆ ಹಿಡಿದದ್ದು ಹತ್ತಿರ ಹತ್ತಿರ 10,000 ವರ್ಷ. ಈಗ ನೂರೈವತ್ತು ವರ್ಷದೊಳಗೇ ಒಂದು ಡಿಗ್ರಿ ದಾಟಿಬಿಟ್ಟಿದೆ. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಮೂರು ಕಿಲೋಮೀಟರಿಗೂ ಆಳ ಕೊರೆದು ತೆಗೆದ ಮಂಜುಗಡ್ಡೆಯಲ್ಲಿ 8 ಲಕ್ಷ ವರ್ಷಗಳ ಗಾಳಿಯ ಗುಳ್ಳೆಗಳಿವೆ. ಅಷ್ಟೂ ಕಾಲ, ಭೂಮಿಯ ಬಿಸಿಯನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹೆಚ್ಚುಕಡಿಮೆ 180ರಿಂದ 300 ಪಾಲಿನ ನಡುವೆಯೇ ಓಡಾಡಿದೆ. ಈಗ 420 ದಾಟಿದೆ.

ಅದು ನಮ್ಮಿಂದಲೇ ಅಂತ ಹೇಗೆ ಹೇಳುತ್ತೀ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಮರದಲ್ಲಿದೆ. ಕಲ್ಲಿದ್ದಲು, ಎಣ್ಣೆ ಕೋಟಿಗಟ್ಟಲೆ ವರ್ಷ ಹಳೆಯವು. ಇಂಗಾಲ-14 ಎಂಬುದು ಕಾಲ ಕಳೆದಂತೆ ತಾನಾಗಿಯೇ ಕ್ಷಯಿಸುವ ಇಂಗಾಲದ ಬಗೆ, ಅವುಗಳಲ್ಲಿ ಅದು ಉಳಿದಿರುವುದಿಲ್ಲ. ಅವನ್ನು ಸುಟ್ಟಾಗ ಗಾಳಿಯಲ್ಲಿದ್ದ ಇಂಗಾಲ-14ರ ಪಾಲು ತೆಳುವಾಗುತ್ತದೆ. 1950ರ ದಶಕದಲ್ಲಿ ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ, ಗಾಳಿಯ ಇಂಗಾಲದಿಂದಲೇ ಬೆಳೆಯುವ ಮರದ ಉಂಗುರಗಳನ್ನು ಅಳೆದಾಗ ಹೊಸ ಉಂಗುರಗಳಲ್ಲಿ ಆ ತೆಳುವಾಗಿದ್ದು ಕಂಡಿತು. ಮರಕ್ಕೆ ಯಾರ ಪಕ್ಷವೂ ಇಲ್ಲ ಅಲ್ವಾ?

ಹಾಗಂತ ಉಳ್ಳಾಲದ ಕಡಲ್ಕೊರೆತವನ್ನೆಲ್ಲ ಹವಾಮಾನದ ತಲೆಗೆ ಕಟ್ಟುವವಳಲ್ಲ ನಾನು. ಅಲ್ಲಿ ಅಳಿವೆ, ಕಟ್ಟಿದ ಕಲ್ಲಿನ ತಡೆಗಳು, ಮರಳು ಸಾಗುವ ದಾರಿ ಎಲ್ಲವೂ ಸೇರಿವೆ.

ಭಾವ ಹುಟ್ಟಿದ್ದು 1958ರಲ್ಲಿ. ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯ ಡೈಆಕ್ಸೈಡ್ ಅಳೆಯಲು ಶುರು ಮಾಡಿದ್ದೂ ಅದೇ ವರ್ಷ. ಆಗ 315 ಇತ್ತು.

"ಹಿಮಯುಗ ಮುಗಿಯುವಾಗ ಎಷ್ಟು ಏರಿತ್ತು?" ಎಂದು ಕೇಳಿದರು.

"ಎಂಬತ್ತರ ಆಸುಪಾಸು. ಸಾವಿರಾರು ವರ್ಷಗಳಲ್ಲಿ."

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ನನ್ನೊಬ್ಬನ ಆಯುಸ್ಸಿನಲ್ಲೇ ನೂರು ಮೀರಿತಾ?"

ಹೌದು ಎಂದೆ. ಆ ಚಿಪ್ಪನ್ನು ತೊಳೆದು ಕಿಟಕಿಯ ಮೇಲಿಟ್ಟರು.