ನೀರು ಹಾಕಿ ಕೊಂದ ಗೌರಿ ಹೂ

ಮೊದಲ ವರ್ಷ ಅಕ್ಟೋಬರಿನಲ್ಲಿ ಬಳ್ಳಿ ಹಳದಿಯಾಗಿ ಒಣಗತೊಡಗಿದಾಗ, ನೀರು ಸಾಲುತ್ತಿಲ್ಲವೆಂದು ದಿನಕ್ಕೊಂದು ಚೊಂಬು ಸುರಿದೆ. ಡಿಸೆಂಬರಿನಲ್ಲಿ ಕುಂಡ ಮಗುಚಿದರೆ ಗೆಡ್ಡೆ ಕೊಳೆತು ಲೋಳೆಯಾಗಿತ್ತು. ಶಿರಸಿಯ ತವರುಮನೆಯ ಬೇಲಿಯಿಂದ ಕಿತ್ತು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ತಂದ ಗೆಡ್ಡೆ ಅದು. ಒಣಗಿದಾಗ ಬಳ್ಳಿ ಸತ್ತಿರಲಿಲ್ಲ, ಮುಂದಿನ ಮಳೆಯವರೆಗೆ ಗೆಡ್ಡೆಯೊಳಗೆ ಮಲಗಿತ್ತು. ನಾನೇ ಕೊಂದೆ.

ಮರುವರ್ಷ ಮೇ ತಿಂಗಳಲ್ಲಿ ಅಮ್ಮನನ್ನು ಜೊತೆಗೆ ಕರೆದುಕೊಂಡೇ ಬೇಲಿಗೆ ಹೋದೆ. ಮೊದಲ ಮಳೆಗೆ ನೂರೆಂಟು ಬಳ್ಳಿ ಚಿಗುರಿರುವಾಗ ಹೂವಿಲ್ಲದೆ ಇದನ್ನು ಗುರುತಿಸುವುದು ಹೇಗೆ? ಅಮ್ಮ ಎಲೆಯ ತುದಿ ತೋರಿಸಿದರು. ತುದಿಯೇ ಎಳೆಯಂತೆ ಸಪೂರವಾಗಿ, ಸುರುಳಿ ಸುತ್ತಿ, ಪಕ್ಕದ ಕಡ್ಡಿಯನ್ನು ಹಿಡಿದುಕೊಂಡಿತ್ತು. ಅಗೆದರೆ ಗೆಡ್ಡೆ ಎರಡು ತೋಳು ಚಾಚಿದ ನೇಗಿಲಿನ ಹಾಗೆ. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಎಂಬ ಹೆಸರು ಬಂದದ್ದೂ ಅದಕ್ಕೇ. ಮೊಳಕೆ ಬರುವುದು ತೋಳಿನ ತುದಿಯಿಂದ. ಆ ತುದಿ ಮುರಿದರೆ ಎಷ್ಟು ದಪ್ಪ ಗೆಡ್ಡೆಯಿದ್ದರೂ ವ್ಯರ್ಥ.

"ಅಡುಗೆಮನೆ ಕಡೆ ಮಾತ್ರ ಒಯ್ಯಬೇಡ ಮಾರಾಯ್ತಿ" ಎಂದರು ಅಮ್ಮ. ಗಿಡವಿಡೀ ವಿಷ, ಗೆಡ್ಡೆ ಮತ್ತು ಬೀಜದಲ್ಲಿ ಇನ್ನೂ ಹೆಚ್ಚು. ಅದರಲ್ಲಿರುವ ಕಾಲ್ಚಿಸಿನ್ ಎಂಬ ರಾಸಾಯನಿಕ ಅಳತೆಯಲ್ಲಿ ಗೌಟ್ ಎಂಬ ಕೀಲುಬಾವಿನ ಕಾಯಿಲೆಗೆ ಔಷಧ, ಅಳತೆ ಮೀರಿದರೆ ಪ್ರಾಣಕ್ಕೇ ಕುತ್ತು. ಕೆಳಗಿನ ಮನೆಯವರು ನೋಡಿ "ಗೆಣಸೇ?" ಎಂದಾಗ ನನಗೆ ನಡುಕ ಬಂತು. ಅಂದಿನಿಂದ ಕೈಗವಸು ಹಾಕಿಕೊಂಡೇ ಮುಟ್ಟುತ್ತೇನೆ.

ಕೆಮ್ಮಣ್ಣಿಗೆ ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿ, ಗೆಡ್ಡೆಯನ್ನು ಎರಡಂಗುಲ ಆಳದಲ್ಲಿ ಅಡ್ಡ ಮಲಗಿಸಿದೆ. ಹಬ್ಬಲು ಹಗ್ಗ ಕಟ್ಟಿದೆ. ಅಷ್ಟೇ ಆರೈಕೆ.

ಗೌರಿ ಹಬ್ಬಕ್ಕೆ ಮೂರು ದಿನ ಮೊದಲು ಹೂ ಬಿರಿಯಿತು. ಹೂವಿನ ಮುಖ ನೆಲಕ್ಕೆ. ಆರು ಎಸಳುಗಳು ಮಾತ್ರ ಬೆನ್ನು ಬಾಗಿಸಿ ಆಕಾಶಕ್ಕೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಅಂಚಿನುದ್ದಕ್ಕೂ ನಿರಿಗೆ. ದಿನ ಕಳೆದಂತೆ ಕೆಂಪು ಕೆಳಗಿಳಿದು ಹಳದಿಯನ್ನು ನುಂಗಿತು. ಅಗ್ನಿಶಿಖೆ ಎಂದು ಕರೆದವರು ಸುಮ್ಮನೆ ಕರೆದಿಲ್ಲ. ನನಗೆ ಇಷ್ಟವಾದದ್ದು ನಡುವಿನ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಸಪೂರ ದಂಟು: ಯಾರೋ ಬೆರಳಿನಿಂದ ಮಡಚಿದ ಹಾಗೆ ಬುಡದಲ್ಲೇ ಪಕ್ಕಕ್ಕೆ ತಿರುಗಿ ಹೂವಿನಿಂದಾಚೆ ಚಾಚಿಕೊಂಡಿರುತ್ತದೆ. ಮೂರನೆಯ ಮಹಡಿಯ ತಮಿಳು ಅಜ್ಜಿ ನೋಡಿ, "ಇದು ನಮ್ಮ ರಾಜ್ಯದ ಹೂ" ಎಂದು ನನ್ನ ಕುಂಡದ ಮೇಲೆ ಹಕ್ಕು ಸ್ಥಾಪಿಸಿದರು.

ಈಗ ಮತ್ತೆ ಎಲೆ ಹಳದಿಯಾಗಿದೆ. ಕುಂಡವನ್ನು ಮೆಟ್ಟಿಲ ಕೆಳಗೆ, ಮಳೆ ತಾಗದ ಕಡೆ ಸರಿಸಿದ್ದೇನೆ. ಮನೆಯವರಿಗೆ ಒಣಗಿದ ಗಿಡ ಕಂಡರೆ ಕರುಣೆ ಉಕ್ಕುತ್ತದೆ. ಅದಕ್ಕೇ ಕುಂಡದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದೇನೆ: ಮೇವರೆಗೆ ನೀರು ಹಾಕಬೇಡಿ.